ಶಾಲೆಯ ಬಾಗಿಲಲ್ಲಿ ನಿಂತ ಮಗು

"ನಿಮ್ಮ ಮಾತು ಅವ್ರು ಕೇಳ್ತಾರ್ರೀ ಫಾದರ್. ನಮ್ಮಂಥಾ ಬಡವರ ಮಾತು ಯಾರ್ ಕೇಳ್ತಾರ?"

ಕಳೆದ ಜೂನ್ ತಿಂಗಳ ಒಂದು ಸಂಜೆ ಕುಪವಾಡ ಎಂಐಡಿಸಿಯ ಹಿಂಬದಿಯ ಚಾಳೊಂದರಲ್ಲಿ ಒಬ್ಬ ತಾಯಿ ನಮಗೆ ಹೇಳಿದ ಮಾತಿದು. ಆಕೆಯ ಪಕ್ಕದಲ್ಲಿ ಹತ್ತು ವರ್ಷದ ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನ ಓರಗೆಯ ಮಕ್ಕಳು ಹೊಸ ಪಾಟೀಚೀಲ ಹಾಕಿಕೊಂಡು ಶಾಲೆಗೆ ಹೋಗತೊಡಗಿ ಎರಡು ವಾರವಾಗಿತ್ತು. ಇವನು ಮಾತ್ರ ಮನೆಯಲ್ಲಿ ತಂಗಿಯನ್ನು ಆಡಿಸುತ್ತಿದ್ದ.

ಪ್ರಿಯ ಓದುಗರೇ, ಕುಪವಾಡ ನಿಮ್ಮಲ್ಲಿ ಕೆಲವರಿಗೆ ಅಪರಿಚಿತ ಹೆಸರಾಗಿರಬಹುದು. ಮಹಾರಾಷ್ಟ್ರದ ಸಾಂಗಲಿ ಮತ್ತು ಮಿರಜ ಎಂಬ ಅವಳಿ ನಗರಗಳ ನೆರೆಯಲ್ಲಿರುವ ಊರು ಅದು. 1998ರಲ್ಲಿ ಮೂರೂ ಊರುಗಳು ಸೇರಿ ಒಂದೇ ಮಹಾನಗರಪಾಲಿಕೆಯಾದವು. ಎಂಐಡಿಸಿ ಎಂದರೆ ಅಲ್ಲಿನ ಕೈಗಾರಿಕಾ ಪ್ರದೇಶ. ನಮ್ಮ ಕಾಗವಾಡದಿಂದ ಮಿರಜ ಕೂಗಳತೆಯ ದೂರ, ಅಥಣಿಯಿಂದಲೂ ಬಹಳ ದೂರವಲ್ಲ. ಸಾಂಗಲಿ ಜಿಲ್ಲೆಯದೇ ಆದ ಜತ್ತ ತಾಲ್ಲೂಕಿನ ಪೂರ್ವ ಭಾಗದಲ್ಲಿ ಉಮದಿ, ಸಂಖ ಮೊದಲಾದ ಕನ್ನಡ ಮಾತಾಡುವ ಊರುಗಳಿವೆ. ಮಳೆ ಕೈಕೊಟ್ಟ ವರ್ಷ ಈ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಕಾರ್ಖಾನೆಯ ಕಡೆಗೆ ಹೊರಡುತ್ತಾರೆ. ಹೀಗಾಗಿ ಶಿಫ್ಟ್ ಬಿಡುವ ಹೊತ್ತಿಗೆ ಕುಪವಾಡದ ರಸ್ತೆಯಲ್ಲಿ ನಿಂತರೆ ಮರಾಠಿಯ ನಡುವೆ ನಮ್ಮ ಕನ್ನಡವೂ ಕಿವಿಗೆ ಬೀಳುತ್ತದೆ.

ನಾವು ಅಲ್ಲಿಗೆ ಹೋದದ್ದು ಅಥಣಿ ಕಡೆಯ ನಮ್ಮ ಕಥೋಲಿಕ ಕುಟುಂಬವೊಂದನ್ನು ಕಾಣಲು. ಚಹಾ ಕುಡಿದು ಪ್ರಾರ್ಥನೆ ಮುಗಿಸಿ ಏಳುವಾಗ ಆ ಮನೆಯ ತಾಯಿ, "ಫಾದರ್, ಬಾಜೂ ಮನಿಗಿ ಒಂದೀಟು ಬರ್ರಿ. ಅವ್ರು ನಮ್ಮ ಧರ್ಮದವರಲ್ಲ, ಖರೆ. ಆದ್ರ ಆ ಹುಡುಗನ್ನ ನೋಡಿದ್ರ ನಂಗ ನಿದ್ದಿ ಬರವೊಲ್ದು" ಎಂದರು. ಆ ಅಕ್ಕನ ನಿದ್ದೆ ಕೆಡಿಸಿದ ಸಂಗತಿ ನಮ್ಮ ನಿದ್ದೆಯನ್ನೂ ಕೆಡಿಸಿತು. ಅದಕ್ಕಾಗಿಯೇ ಈ ಲೇಖನ.

ಮೂರು ಕಾರಣ, ಒಂದು ಬಾಗಿಲು

ಹುಡುಗನ ತಂದೆ ಫೌಂಡ್ರಿಯೊಂದರಲ್ಲಿ ದಿನಗೂಲಿ. ಜತ್ತ ಕಡೆಯ ಹಳ್ಳಿಯ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ ಮಗ ನಾಲ್ಕನೆಯ ತರಗತಿ ಮುಗಿಸಿದ್ದ. ಕುಪವಾಡದಲ್ಲಿ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದದ್ದು ಮರಾಠಿ ಶಾಲೆ. ತಾಯಿ ಅಲ್ಲಿಗೆ ಮೂರು ಸಲ ಹೋಗಿದ್ದರು. ಮೊದಲ ಸಲ, "ಎಲ್‌ಸಿ ತನ್ನಿ" ಎಂದರು. ಊರಿಗೆ ಹೋದರೆ ಹೆಡ್‌ಮಾಸ್ತರರು ರಜೆಯಲ್ಲಿದ್ದರು; ಹೋದದ್ದಕ್ಕೆ ಒಂದು ದಿನದ ಪಗಾರ ಕೈತಪ್ಪಿತು. ಎರಡನೆಯ ಸಲ, "ಆಧಾರ್ ಕಾರ್ಡಿನಲ್ಲಿ ಇರುವ ಹೆಸರೇ ಬೇರೆ, ಸರಿ ಮಾಡಿಸಿಕೊಂಡು ಬನ್ನಿ" ಎಂದರು. ಮೂರನೆಯ ಸಲ, "ಇವನಿಗೆ ಮರಾಠಿ ಬರುವುದಿಲ್ಲವಲ್ಲ, ಬೇಕಾದರೆ ಒಂದನೆಯ ತರಗತಿಯಲ್ಲಿ ಕೂರಿಸುತ್ತೇವೆ" ಎಂದರು. ಹತ್ತು ವರ್ಷದ ಹುಡುಗ ಆರು ವರ್ಷದವರ ನಡುವೆ! ಹುಡುಗ ನಾಚಿಕೊಂಡು ಓಡಿಬಂದನಂತೆ. ತಾಯಿ ನಾಲ್ಕನೆಯ ಸಲ ಹೋಗಲಿಲ್ಲ.

ಇದರಲ್ಲಿ ಯಾರೂ ಆಕೆಯನ್ನು ಬೈದಿರಲಿಲ್ಲ, ಹೊರಕ್ಕೆ ತಳ್ಳಿರಲಿಲ್ಲ. ಅನ್ಯಾಯ ಯಾವಾಗಲೂ ಕೋಲು ಹಿಡಿದು ಬರುವುದಿಲ್ಲ. ಎಷ್ಟೋ ಸಲ ಅದು "ನಾಳೆ ಬನ್ನಿ" ಎಂಬ ಸೌಮ್ಯವಾದ ಮಾತಿನಲ್ಲಿ ಬರುತ್ತದೆ. ದಿನಗೂಲಿಯ ಮನೆಯಲ್ಲಿ ಹತ್ತು ಸಲ "ನಾಳೆ" ಎಂದರೆ ಆ ಮಗುವಿನ ಓದು ಅಲ್ಲಿಗೇ ನಿಂತಿತು ಎಂದು ಅರ್ಥ. "ಬಡವನ ಸಿಟ್ಟು ದವಡೆಗೆ ಮೂಲ" ಎಂಬ ಗಾದೆಯನ್ನು ನಂಬಿದ ತಂದೆತಾಯಿ ಸಿಟ್ಟನ್ನೂ ನುಂಗಿ ಸುಮ್ಮನಾಗುತ್ತಾರೆ.

ಕಾನೂನು ಏನು ಹೇಳುತ್ತದೆ?

ಆ ತಾಯಿಗೆ ತಿಳಿಯದ ಒಂದು ವಿಷಯವಿತ್ತು. ಆಕೆ ಕೇಳಲು ಹೋಗಿದ್ದು ಭಿಕ್ಷೆಯಲ್ಲ, ಮಗನ ಹಕ್ಕು.

2002ರಲ್ಲಿ ನಮ್ಮ ಸಂವಿಧಾನಕ್ಕೆ 86ನೆಯ ತಿದ್ದುಪಡಿಯಾಗಿ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದಕ್ಕಾಗಿ 2009ರಲ್ಲಿ ರೂಪುಗೊಂಡ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಕಾಯಿದೆಯ ಕೆಲವು ಮಾತುಗಳನ್ನು ನಮ್ಮ ಪ್ರತಿ ಕುಟುಂಬವೂ ತಿಳಿದಿರಬೇಕು.

ಊರು ಬಿಟ್ಟು ಬಂದ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಲು 5ನೆಯ ಕಲಮು ಹಕ್ಕು ಕೊಡುತ್ತದೆ. ರಾಜ್ಯದ ಒಳಗಿನಿಂದ ಬಂದರೂ ಅಷ್ಟೇ, ಹೊರಗಿನಿಂದ ಬಂದರೂ ಅಷ್ಟೇ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ತಕ್ಷಣ ಕೊಡಬೇಕು. ಪತ್ರ ಬರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ ಎನ್ನುತ್ತದೆ 14ನೆಯ ಕಲಮು. ಶಾಲೆ ಆರಂಭವಾಗಿ ದಿನಗಳಾದವು ಎಂಬ ನೆಪವೂ ಸಲ್ಲದು ಎನ್ನುತ್ತದೆ 15ನೆಯದು. ಶಾಲೆ ತಪ್ಪಿಹೋದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಮು ವಿಧಿಸುತ್ತದೆ. ಇನ್ನು ಆಧಾರ್ ವಿಷಯ: 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ.

ನೋಡಿದಿರಾ? ಆ ತಾಯಿಯನ್ನು ಮೂರು ಸಲ ಹಿಂದಿರುಗಿಸಿದ ಮೂರು ಕಾರಣಗಳಲ್ಲಿ ಒಂದಕ್ಕೂ ಕಾನೂನಿನ ಬೆಂಬಲವಿರಲಿಲ್ಲ. ಆದರೆ ಪುಸ್ತಕದಲ್ಲಿರುವ ಹಕ್ಕು ತಾನಾಗಿಯೇ ನಡೆದು ಮನೆಗೆ ಬರುವುದಿಲ್ಲ. ಅದನ್ನು ಕರೆದುಕೊಂಡು ಬರಲು ಒಬ್ಬರು ಬೇಕು.

ಭಾಷೆಯೂ ಮಗುವಿನ ಅಗತ್ಯವೇ

ಕನ್ನಡದ ಮಗು ಮರಾಠಿ ಹಲಗೆಯ ಮುಂದೆ ಕುಳಿತಾಗ ಅದಕ್ಕೆ ಎದುರಾಗುವ ಕಷ್ಟ ದೊಡ್ಡದು. ಮಗು ದಡ್ಡ ಅಲ್ಲ; ಹೇಳಿದ್ದು ತಿಳಿಯುತ್ತಿಲ್ಲ, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸವನ್ನು ನಾವು ಹಿರಿಯರು ಎಷ್ಟು ಸಲ ಮರೆಯುತ್ತೇವೆ!

ನಮ್ಮ ಸಂವಿಧಾನ ಇದನ್ನು ಮರೆತಿಲ್ಲ. 1956ರಲ್ಲಿ ಸೇರಿಸಲಾದ 350-ಎ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು. ಮಹಾರಾಷ್ಟ್ರವೂ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ ಎಂಬ ಪಠ್ಯಪುಸ್ತಕ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕ ಅಚ್ಚು ಹಾಕಿಸುತ್ತದೆ. ಗಡಿಯ ತಾಲ್ಲೂಕುಗಳಲ್ಲಿ ಸರ್ಕಾರದ್ದೇ ಕನ್ನಡ ಶಾಲೆಗಳಿವೆ. ಇದಕ್ಕಾಗಿ ಕೃತಜ್ಞತೆ ಸಲ್ಲಲೇಬೇಕು.

ಆದರೂ ಎಚ್ಚರ ಬೇಕು. 2024ರಲ್ಲಿ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಅಲ್ಲಿನ ಕನ್ನಡಿಗರು ಪ್ರತಿಭಟಿಸಿದರು. ಸುದ್ದಿ ಕರ್ನಾಟಕ ಸರ್ಕಾರದವರೆಗೂ ಮುಟ್ಟಿತು. ಇದನ್ನು ಎರಡು ರಾಜ್ಯಗಳ ಜಗಳವೆಂದು ಕೆಲವರು ನೋಡಿದರು. ನಾವು ಹಾಗೆ ನೋಡಬಾರದು. ಮರಾಠಿ ನಮ್ಮ ವೈರಿಯಲ್ಲ. ಅದು ಕುಪವಾಡದಲ್ಲಿ ನಮ್ಮವರಿಗೆ ಅನ್ನ ಕೊಡುವ ನೆರೆಮನೆಯ ಭಾಷೆ. ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ಪ್ರಶ್ನೆ ಇಷ್ಟೇ: ಒಂದನೆಯ ತರಗತಿಯ ಮಗು ಹೊಟ್ಟೆನೋವು ಎಂದರೆ ಅದರ ಗುರುಗಳಿಗೆ ತಿಳಿಯಬೇಕೋ ಬೇಡವೋ? ಗಡಿಯ ಈಚೆ, ಕರ್ನಾಟಕದಲ್ಲಿ ಮರಾಠಿ ಮಾತಾಡುವ ಮಗುವಿಗೂ ಇದೇ ನ್ಯಾಯ ಸಲ್ಲಬೇಕು. ನಮ್ಮ ಮಗುವಿಗೆ ಕೇಳುವ ನ್ಯಾಯವನ್ನು ಇತರರ ಮಗುವಿಗೂ ಕೇಳಿದಾಗ ಮಾತ್ರ ಅದು ನ್ಯಾಯ.

ಬಾರ್ಬಿಯಾನದ ಗುರು

ಇಟಲಿಯ ಒಬ್ಬ ಧರ್ಮಗುರುವಿನ ನೆನಪು ಇಲ್ಲಿ ಬರುತ್ತದೆ. ಅವರ ಹೆಸರು ಲೊರೆಂಜೊ ಮಿಲಾನಿ. 1954ರಲ್ಲಿ ಅವರನ್ನು ತೊಸ್ಕಾನಾ ಪ್ರಾಂತ್ಯದ ಬೆಟ್ಟದ ಮೇಲಿನ ಬಾರ್ಬಿಯಾನ ಎಂಬ ಪುಟ್ಟ ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಅಲ್ಲಿದ್ದವರು ಬೆರಳೆಣಿಕೆಯ ಬಡ ರೈತ ಕುಟುಂಬಗಳು. ಅವರ ಮಕ್ಕಳು ಪಟ್ಟಣದ ಶಾಲೆಯಲ್ಲಿ ನಪಾಸಾಗಿ ಹಿಂದಿರುಗುತ್ತಿದ್ದರು. ಶಾಲೆಯಲ್ಲಿ ನಡೆಯುತ್ತಿದ್ದದ್ದು ಸುಶಿಕ್ಷಿತ ಮನೆಗಳ ನುಡಿ. ರೈತರ ಮಕ್ಕಳಿಗೆ ಆ ನುಡಿ ಬರುತ್ತಿರಲಿಲ್ಲ. ಮಿಲಾನಿಯವರು ತಮ್ಮ ಗುರುಮನೆಯಲ್ಲಿಯೇ ಶಾಲೆ ತೆರೆದರು. ದಿನಪತ್ರಿಕೆ ಓದಿಸಿದರು, ಒಂದೊಂದು ಪದದ ಅರ್ಥವನ್ನು ಬಿಡಿಸಿ ಹೇಳಿದರು. ಮಾತು ಬಂದವನು ಯಾರ ಮುಂದೆಯೂ ತಲೆತಗ್ಗಿಸಬೇಕಿಲ್ಲ ಎಂಬುದು ಅವರ ನಂಬಿಕೆ.

1967ರಲ್ಲಿ ಅವರ ಎಂಟು ಮಂದಿ ವಿದ್ಯಾರ್ಥಿಗಳು ಸೇರಿ ಶಿಕ್ಷಕಿಯೊಬ್ಬರಿಗೆ ಬರೆದ ಪತ್ರದ ರೂಪದಲ್ಲಿ ಒಂದು ಪುಸ್ತಕ ಹೊರತಂದರು. ಶಾಲೆ ಬಡವರ ಮಕ್ಕಳನ್ನು ಹೇಗೆ ಸದ್ದಿಲ್ಲದೆ ಹೊರಗೆ ಹಾಕುತ್ತದೆ ಎಂಬುದನ್ನು ಅಂಕಿ ಅಂಶ ಸಹಿತ ತೋರಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಮಿಲಾನಿಯವರು ತೀರಿಕೊಂಡರು. ಬದುಕಿದ್ದಾಗ ಅವರನ್ನು ಅನುಮಾನದಿಂದ ನೋಡಿದವರೇ ಹೆಚ್ಚು. ಐವತ್ತು ವರ್ಷಗಳ ನಂತರ, 2017ರ ಜೂನ್ 20ರಂದು, ಪೋಪ್ ಫ್ರಾನ್ಸಿಸ್‌ರವರು ಆ ಬೆಟ್ಟವೇರಿ ಅವರ ಸಮಾಧಿಯ ಮುಂದೆ ಪ್ರಾರ್ಥಿಸಿದರು. ಮಕ್ಕಳ ಪರವಾಗಿ ಮಾತಾಡುವುದು ಗುರುವಿನ ಸೇವೆಗೆ ಹೊರತಾದದ್ದಲ್ಲ, ಆ ಸೇವೆಯ ಒಂದು ಭಾಗವೇ ಎಂಬುದು ಅಂದು ಜಗತ್ತಿಗೆ ತಿಳಿಯಿತು.

ಗುಡಾರದ ಬಾಗಿಲಲ್ಲಿ ಐವರು ಸಹೋದರಿಯರು

"ಕೇಳುವುದು, ವಾದಿಸುವುದು ಒಳ್ಳೆಯ ಕ್ರೈಸ್ತರಿಗೆ ಸರಿಯೇ ಫಾದರ್? ತಾಳ್ಮೆಯಿಂದ ಇರಬೇಕಲ್ಲವೇ?" ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ.

ಪವಿತ್ರ ಬೈಬಲಿನ ಸಂಖ್ಯಾಕಾಂಡದ 27ನೆಯ ಅಧ್ಯಾಯ ತೆರೆದು ನೋಡಿ. ಚಲ್ಪಹಾದ ಎಂಬವನಿಗೆ ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ತಂದೆ ತೀರಿದ ಮೇಲೆ ಅವರಿಗೆ ಆಸ್ತಿಯಲ್ಲಿ ಪಾಲಿಲ್ಲವೆಂದಾಯಿತು. ಅವರು ಮನೆಯಲ್ಲಿ ಕುಳಿತು ಅಳಲಿಲ್ಲ. ಐವರೂ ಒಟ್ಟಾಗಿ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಮೋಶೆ, ಯಾಜಕರು ಹಾಗೂ ಸಮಸ್ತ ಜನರ ಮುಂದೆ ನಿಂತು ತಮ್ಮ ನ್ಯಾಯವನ್ನು ಕೇಳಿದರು. ಮೋಶೆ ಅವರನ್ನು ಗದರಿಸಲಿಲ್ಲ, ವಿಷಯವನ್ನು ದೇವರ ಮುಂದೆ ಇಟ್ಟ. ಆ ಹೆಣ್ಣುಮಕ್ಕಳು ಹೇಳುವುದೇ ಸರಿ ಎಂದು ದೇವರು ತೀರ್ಪಿತ್ತರು. ಅವರಿಗೆ ಪಾಲು ಸಿಕ್ಕಿತು. ಅಷ್ಟೇ ಅಲ್ಲ, ಮುಂದೆ ಬರುವವರೆಲ್ಲರಿಗಾಗಿ ನಿಯಮವೇ ಬದಲಾಯಿತು!

ಸಂತ ಲೂಕನ ಶುಭಸಂದೇಶದ 18ನೆಯ ಅಧ್ಯಾಯದ ವಿಧವೆಯನ್ನೂ ನೆನೆಯಿರಿ. ನ್ಯಾಯಾಧೀಶನ ಬಾಗಿಲು ತಟ್ಟುವುದನ್ನು ಆಕೆ ಬಿಡಲಿಲ್ಲ. ಮಕ್ಕಳನ್ನು ತಡೆದ ಶಿಷ್ಯರನ್ನೇ ಯೇಸುಸ್ವಾಮಿ ಗದರಿಸಿದರು. ಹೌದು, ತಾಳ್ಮೆ ಸದ್ಗುಣ. ಆದರೆ ನಮ್ಮ ನೋವಿಗೆ ತಾಳ್ಮೆ ತೋರುವುದು ಬೇರೆ, ಇನ್ನೊಬ್ಬರ ಮಗುವಿಗಾದ ಅನ್ಯಾಯಕ್ಕೆ ತಾಳ್ಮೆ ತೋರುವುದು ಬೇರೆ.

ಮೇಜಿನ ಈ ಕಡೆ

ಇಷ್ಟು ಬರೆದ ಮೇಲೆ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆವು.

ಗುರುದೀಕ್ಷೆ ಪಡೆದ ಹೊಸತರಲ್ಲಿ ನಾವು ನಮ್ಮದೇ ಒಂದು ಶಾಲೆಯ ಕಚೇರಿಯಲ್ಲಿ ಕುಳಿತಿದ್ದೆವು. ಜುಲೈ ತಿಂಗಳು. ಕಟ್ಟಡ ಕೆಲಸದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. "ಸೀಟು ಭರ್ತಿಯಾಗಿದೆ ಅಮ್ಮ, ಮುಂದಿನ ಜೂನ್‌ಗೆ ಬನ್ನಿ" ಎಂದೆವು. ನಗುತ್ತಲೇ ಹೇಳಿದೆವು. ಕಾಗದದಲ್ಲಿ ಸೀಟು ಭರ್ತಿಯಾಗಿದ್ದದ್ದು ನಿಜ. ಆದರೆ ಅದೇ ವಾರ ಪರಿಚಯದ ಒಬ್ಬರು ಫೋನ್ ಮಾಡಿದಾಗ ಇನ್ನೊಂದು ಬೆಂಚು ಹಾಕಿಸಲು ನಮಗೆ ಕಷ್ಟವಾಗಲಿಲ್ಲ. ಮುಂದಿನ ಜೂನ್‌ನಲ್ಲಿ ಆ ತಾಯಿ ಬರಲಿಲ್ಲ. ಆ ಕಟ್ಟಡ ಮುಗಿದು, ಅವರು ಬೇರೆ ಊರಿಗೆ ಹೋಗಿರಬೇಕು. ಕುಪವಾಡದ ಚಾಳಿನಲ್ಲಿ ಆ ತಾಯಿಯ ಮಾತು ಕೇಳಿದಾಗ ನಮಗೆ ಉತ್ತರ ಹೊಳೆಯದೆ ಇದ್ದದ್ದು ಇದೇ ಕಾರಣಕ್ಕೆ. "ನಾಳೆ ಬನ್ನಿ" ಎಂದವರಲ್ಲಿ ನಾವೂ ಒಬ್ಬರು.

ಪ್ರಿಯರೇ, ನಮ್ಮ ಸಂಸ್ಥೆಗಳ ಬಗ್ಗೆಯೂ ಪ್ರಾಮಾಣಿಕವಾಗಿ ಮಾತಾಡೋಣ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ನಡೆಸುವ ಹಕ್ಕು ಕೊಟ್ಟಿದೆ. 2014ರ ಮೇ 6ರಂದು ಸುಪ್ರೀಂ ಕೋರ್ಟು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು ತೀರ್ಪಿತ್ತಿತು. ಇತರ ಖಾಸಗಿ ಶಾಲೆಗಳು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಒಂದನೆಯ ತರಗತಿಯಲ್ಲಿ ಬಿಡಬೇಕಾದ ಶೇಕಡಾ 25ರಷ್ಟು ಸೀಟುಗಳ ನಿಯಮವೂ ನಮಗಿಲ್ಲ. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ, ಹಳೆಯ ತೀರ್ಪು ಸರಿಯೇ ಎಂಬ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಮುಂದಿಡಬೇಕೆಂದಿತು. ನ್ಯಾಯಾಲಯ ಏನೇ ಹೇಳಲಿ, ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಕಾನೂನು ನಮಗೆ ವಿನಾಯಿತಿ ಕೊಟ್ಟಿರಬಹುದು, ಶುಭಸಂದೇಶ ಕೊಟ್ಟಿದೆಯೇ?

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಕುಲ, ಸ್ಥಿತಿಗತಿ, ವಯಸ್ಸು ಯಾವುದೇ ಇರಲಿ, ಶಿಕ್ಷಣ ಎಲ್ಲರ ಹಕ್ಕು ಎಂದು ಸಾರಿತು. ಕಥೋಲಿಕ ಶಾಲೆಗಳು ಬಡವರ ಅಗತ್ಯಗಳಿಗೆ ವಿಶೇಷ ಗಮನ ಕೊಡಬೇಕೆಂದೂ ಕೇಳಿಕೊಂಡಿತು. ಶಾಲೆಯ ಗೋಡೆಯ ಮೇಲೆ ಶಿಲುಬೆ ಇದ್ದರೆ ಸಾಲದು. ಆ ಶಿಲುಬೆಯ ಕೆಳಗೆ ಕೂಲಿಯವರ ಮಗುವಿಗೊಂದು ಬೆಂಚೂ ಇರಬೇಕು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಒಬ್ಬಂಟಿಯಾಗಿ ಕಳುಹಿಸದಿರಿ. ಓದುಬರಹ ಬಾರದ ತಾಯಿಯೊಬ್ಬರು ಶಾಲೆಗೆ ಹೋಗುವಾಗ ನೆರೆಯ ಇಬ್ಬರು ಜೊತೆಗೆ ಹೋಗಲಿ. ಜಗಳಕ್ಕಲ್ಲ, ಧೈರ್ಯಕ್ಕೆ.

ಎರಡನೆಯದಾಗಿ, ಬರೆದು ಕೊಡಿ. ಬಾಯಿಮಾತಿಗೆ "ನಾಳೆ ಬನ್ನಿ" ಎನ್ನುವುದು ಸುಲಭ. ಅರ್ಜಿಯ ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಅಷ್ಟಕ್ಕೂ ಪರಿಹಾರ ಸಿಗದಿದ್ದರೆ ಕಾಯಿದೆಯ 32ನೆಯ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು.

ಮೂರನೆಯದಾಗಿ, ಶಾಲಾ ವ್ಯವಸ್ಥಾಪನ ಸಮಿತಿಗೆ ಸೇರಿ. ಸರ್ಕಾರಿ ಶಾಲೆಗಳ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಯರು ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು ಎಂದು 21ನೆಯ ಕಲಮು ಹೇಳುತ್ತದೆ. ನಮ್ಮ ತಾಯಂದಿರು ಅಲ್ಲಿ ಕುಳಿತು ಮಾತಾಡಲಿ.

ನಾಲ್ಕನೆಯದಾಗಿ, ಪ್ರತಿ ವರ್ಷ ಶಾಲೆ ಆರಂಭವಾಗುವ ತಿಂಗಳಲ್ಲಿ ನಿಮ್ಮ ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಓಣಿಯಲ್ಲಿ ಶಾಲೆಗೆ ಹೋಗದ ಮಗು ಯಾವುದು? ಯಾವ ಧರ್ಮದ್ದು, ಯಾವ ಭಾಷೆಯದ್ದು ಎಂದು ಕೇಳಬೇಡಿ.

ಕಡೆಯದಾಗಿ, ಶಿಕ್ಷಕರನ್ನು ಶತ್ರುಗಳಂತೆ ಕಾಣಬೇಡಿ. ಎಷ್ಟೋ ಶಾಲೆಗಳಲ್ಲಿ ಅವರ ಮೇಲೆ ಪಾಠಕ್ಕಿಂತ ಕಾಗದದ ಹೊರೆಯೇ ಹೆಚ್ಚು. ನಾವು ಮಗುವಿನ ಪರ ನಿಂತರೆ ಒಳ್ಳೆಯ ಶಿಕ್ಷಕರಿಗೂ ಅದು ಬಲ.

ಕುಪವಾಡದಲ್ಲಿ ಆದದ್ದೂ ಹಾಗೆಯೇ. ಮರುದಿನ ಆ ತಾಯಿ, ನಮ್ಮ ಅಥಣಿಯ ಅಕ್ಕ, ಮರಾಠಿ ಚೆನ್ನಾಗಿ ಬರೆಯಬಲ್ಲ ಚಾಳಿನ ಒಬ್ಬ ನಿವೃತ್ತ ಕಾರ್ಮಿಕರು ಮತ್ತು ನಾವು, ನಾಲ್ವರೂ ಶಾಲೆಗೆ ಹೋದೆವು. ಮಾತಾಡಿದ್ದು ನಾವಲ್ಲ. "ಅವ್ವಾ, ನಿಮ್ಮ ಮಗ, ನೀವೇ ಹೇಳ್ರಿ" ಎಂದೆವು. ಆಕೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿ ಅರ್ಜಿಯನ್ನು ಮೇಜಿನ ಮೇಲಿಟ್ಟರು. ಮುಖ್ಯೋಪಾಧ್ಯಾಯರು ಎರಡು ಸಲ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ದಾಖಲೆ ಆಮೇಲೆ ತರಿಸೋಣ. ಐದನೆಯ ತರಗತಿಯಲ್ಲಿ ಕೂರಲಿ" ಎಂದರು. ಸಂಜೆ ಒಂದು ಗಂಟೆ ಮರಾಠಿ ಹೇಳಿಕೊಡಲು ಅಲ್ಲಿಯ ಬಾಯಿಯೊಬ್ಬರು ತಾವಾಗಿ ಮುಂದೆ ಬಂದರು.

ಎರಡು ತಿಂಗಳ ನಂತರ ಮತ್ತೆ ಹೋದಾಗ ಹುಡುಗ ಪುಸ್ತಕ ಹಿಡಿದು ಓಡಿಬಂದ. "ಫಾದರ್, ಕ ಖ ಗ ಘ ಅಲ್ಲೂ ಅದ ಐತ್ರಿ, ಇಲ್ಲೂ ಅದ ಐತ್ರಿ. ಬರಿಯೂದಷ್ಟ ಬ್ಯಾರೆ!" ಎಂದ. ಓದು ಇನ್ನೂ ತಡವರಿಸುತ್ತದೆ, ಗಣಿತದ ಲೆಕ್ಕದ ಮಾತು ಅರ್ಥವಾಗುವುದಿಲ್ಲ. ದಾರಿ ಉದ್ದವಿದೆ. ಆದರೆ ಅವನು ಬಾಗಿಲ ಹೊರಗಿಲ್ಲ.

ಓದುಗರೇ, ನಿಮ್ಮ ಓಣಿಯಲ್ಲಿಯೂ ಒಂದು ಮಗು ಬಾಗಿಲಿಗೆ ಒರಗಿ ನಿಂತಿರಬಹುದು. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋಗುವಾಗ ಸ್ವಲ್ಪ ಸುತ್ತ ನೋಡಿ. ಆ ಮಗುವಿನ ಪರವಾಗಿ ಒಂದು ಮಾತಾಡಲು, ಒಂದು ಅರ್ಜಿ ಬರೆಯಲು, ನಾಲ್ಕು ಹೆಜ್ಜೆ ಜೊತೆಗೆ ನಡೆಯಲು ಪ್ರಭು ನಮ್ಮೆಲ್ಲರಿಗೂ ಮನಸ್ಸು ಕೊಡಲಿ.